ಕೊನೆಯ ಸಾಲಿನ ಕಾಗದದ ಚೀಲ

ಕಿಟಕಿಯ ಗಾಜಿಗೆ ಯಾರದೋ ಎಣ್ಣೆತಲೆ ಒರಗಿದ ಗುರುತು ಅಂಟಿದೆ. ಕಿಟಕಿಯಕ್ಕ ಅದನ್ನು ಇನ್ನೊಮ್ಮೆ ಉಜ್ಜುತ್ತಾರೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಪ್ರಯಾಣಿಕರು ಹತ್ತುವ ಮೊದಲು ಇಡೀ ವಿಮಾನ ಗುಡಿಸಿ, ಒರೆಸಿ, ಸೀಟುಗಳ ಬೆಲ್ಟು ಜೋಡಿಸಿಡಬೇಕು. ಗಾಜಿನ ಮೇಲೆ ಒಂದು ಬೆರಳಚ್ಚು ಉಳಿದರೂ ಸಹಿಸದ ಇವರಿಗೆ ಜೊತೆಯವರು ಇಟ್ಟ ‘ಕಿಟಕಿಯಕ್ಕ’ ಎಂಬ ಹೆಸರೇ ಗಟ್ಟಿಯಾಗಿದೆ.

ಕೊನೆಯ ಸಾಲಿಗೆ ಬಂದಾಗ ಕೈ ನಿಧಾನವಾಗುತ್ತದೆ. ವಾಂತಿ ಬಂದವರಿಗೆಂದು ಸೀಟಿನ ಮುಂದೆ ಇಡುವ ಕಾಗದದ ಚೀಲವನ್ನು ತೆಗೆದು, ಅದರ ಎಡಮೂಲೆ ಮಡಚಿ, ಮತ್ತೆ ಅಲ್ಲೇ ಸಿಕ್ಕಿಸುತ್ತಾರೆ.

ಮಗಳು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಸೇರಿದ ಕೆಲಸ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಇಷ್ಟು ಸೀಟು ಒರೆಸಿದವರು ಒಂದರಲ್ಲೂ ಕೂತು ಹಾರಿಲ್ಲ. "ನಿಂತಿರೋ ವಿಮಾನ ಮಾತ್ರ ನಮ್ದು," ಎಂದು ನಗುತ್ತಾರೆ.

ಮೂಲೆ ಮಡಚುವುದು ಮೊದಲು ಬರೀ ಅಭ್ಯಾಸ, ಕೆಲಸ ಪೂರ್ತಿಯಾಯಿತೆಂಬ ಗುರುತು. ಮಗಳೂ ಇವರ ಜೊತೆಯಲ್ಲೇ ಈ ಕೆಲಸ ಕಲಿತಳು. ಮದುವೆಯಾಗಿ ಹೋದ ಊರಿನ ವಿಮಾನ ನಿಲ್ದಾಣದಲ್ಲಿ ಅವಳಿಗೆ ಇದೇ ಕೆಲಸ ಸಿಕ್ಕಿತು. ಒಂದು ದಿನ ಅವಳ ಫೋನು: "ಅಮ್ಮಾ, ಮೂಲೆ ಮಡಚಿದ ಚೀಲ ಸಿಕ್ತು, ನೀನು ಒರೆಸಿದ್ದ ವಿಮಾನ ಈಗ ನನ್ನ ಕೈಗೆ ಬಂತು ಕಣಮ್ಮಾ!" ಅಂದಿನಿಂದ ಅವಳು ಅದೇ ಚೀಲದ ಬಲಮೂಲೆ ಮಡಚಿ ಕಳಿಸುತ್ತಾಳೆ.

ಎರಡು ನಿಲ್ದಾಣಗಳ ನಡುವೆ ಆಕಾಶದಲ್ಲಿ ಆರುನೂರು ಕಿಲೋಮೀಟರು, ಒಂದು ಗಂಟೆ ಹತ್ತು ನಿಮಿಷ. ಬಸ್ಸಿನಲ್ಲಾದರೆ ಒಂದು ರಾತ್ರಿ, ಮೇಲೆ ಅರ್ಧ ಹಗಲು. ಹೋಗಿಬರುವಷ್ಟು ರಜೆ ಇಬ್ಬರಿಗೂ ಸಿಗದೆ, ಮುಖ ನೋಡಿ ವರ್ಷ ದಾಟಿದೆ.

"ಬೇರೆಯವರು ಪಾರಿವಾಳ ಹಾರಿಸ್ತಿದ್ರಂತೆ. ನಮ್ಮಕ್ಕಂದು ವಾಂತಿ ಚೀಲ," ಎಂದು ಜೊತೆಯವಳು ರೇಗಿಸುತ್ತಾಳೆ.

ಈ ವಾರ ಮಾತ್ರ ಚೀಲ ಎಡಮೂಲೆಯ ಒಂದೇ ಮಡಿಕೆಯಲ್ಲಿ ಹಿಂದಿರುಗುತ್ತಿದೆ. ಫೋನಿನಲ್ಲಿ ಮಗಳು, "ಈಗಷ್ಟೇ ಕೆಲಸ ಮುಗಿಸಿ ಬಂದೆ, ಆರಾಮಾಗಿದ್ದೀನಿ," ಎನ್ನುತ್ತಾಳೆ.

"ಸಿಹಿಸುದ್ದಿ ಇರ್ಬೇಕು ಬಿಡಕ್ಕಾ," ಎನ್ನುತ್ತಾಳೆ ಜೊತೆಯವಳು.

"ಸಂತೋಷ ಆದ್ರೆ ಊರಿಗೆಲ್ಲ ಸಾರೋಳು ಅವ್ಳು. ಕಷ್ಟ ಬಂದ್ರೇನೇ ಬಾಯಿ ಬಿಡಲ್ಲ. ನನ್ನ ಮಗಳಲ್ವಾ?"

ಬಿಸಿಲೇರುವ ಹೊತ್ತಿಗೆ ವಿಮಾನ ಹಿಂದಿರುಗುತ್ತದೆ. ಯಾವಾಗಲೂ ಮುಂದಿನ ಸಾಲಿನಿಂದ ಶುರುಮಾಡುವ ಕಿಟಕಿಯಕ್ಕ ಇವತ್ತು ನೇರ ಹಿಂದಕ್ಕೆ ನಡೆಯುತ್ತಾರೆ. ಬಲಮೂಲೆ ನೆಟ್ಟಗೇ ಇದೆ. ಚೀಲವನ್ನು ಏಪ್ರನ್ನಿನ ಜೇಬಿಗೆ ಸೇರಿಸಿ, ಹೊಸದೊಂದನ್ನು ಇಡುತ್ತಾರೆ. ಅದರ ಮೂಲೆ ಮಡಚುವುದಿಲ್ಲ. ಆಮೇಲೆ ಎಂದಿನಂತೆ ಒಂದೊಂದೇ ಕಿಟಕಿ ಒರೆಸುತ್ತಾ ಬರುತ್ತಾರೆ.

ಕೆಲಸ ಮುಗಿದಾಗ ಸಿಬ್ಬಂದಿಯ ವ್ಯಾನು ಹಾರ್ನ್ ಹೊಡೆಯುತ್ತದೆ. "ಬಾರಕ್ಕಾ, ಸೀಟು ಹಿಡ್ದಿದ್ದೀನಿ!"

"ನೀನು ನಡಿಯೇ. ನನಗಿಲ್ಲಿ ಸ್ವಲ್ಪ ಕೆಲ್ಸ ಇದೆ."

ವ್ಯಾನು ತಿರುವು ದಾಟುವವರೆಗೂ ಕಾಯುತ್ತಾರೆ. ಕೈಗವಸು ಕಳಚಿ, ಒದ್ದೆ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡು, ವಿಮಾನದ ಟಿಕೆಟ್ ಕೌಂಟರಿನ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ.