ಸೆದೆಫ್ ಖಾಲಾ ತೊಳೆದ ಕಲ್ಲು

ನಮ್ಮ ಮರಾಘೆ ಊರಿನ ಪಡುವಣಕ್ಕೆ ಒಂದು ಬೋಳು ಗುಡ್ಡವಿದೆ. ರಸದ್ ಗುಡ್ಡ, ಅಂದರೆ ನಕ್ಷತ್ರ ನೋಡುವ ಗುಡ್ಡ, ಅನ್ನುತ್ತೇವೆ. ಏಳುನೂರು ವರ್ಷಗಳ ಹಿಂದೆ ಪಂಡಿತರು ದೊರೆಯ ದುಡ್ಡಿನಲ್ಲಿ ಅಲ್ಲಿ ಕೂತು ನಕ್ಷತ್ರ ಅಳೆದರಂತೆ. ದೊರೆ ಸತ್ತ, ಪಂಡಿತರು ಸತ್ತರು, ಕಟ್ಟಿದ್ದು ಬಿತ್ತು. ಬಿದ್ದ ಕಲ್ಲುಗಳನ್ನು ನಮ್ಮ ಹಿರಿಯರು ಹೊತ್ತು ತಂದು ಕುರಿದೊಡ್ಡಿ ಕಟ್ಟಿಕೊಂಡರು. ನನ್ನಜ್ಜನ ದೊಡ್ಡಿಯಲ್ಲೂ ಅಂಥ ಕಲ್ಲುಗಳಿದ್ದವು, ಕುರಿಗಳು ಮೈ ಉಜ್ಜಿಕೊಳ್ಳುತ್ತಿದ್ದವು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಕ್ಷತ್ರ ಹೊಟ್ಟೆ ತುಂಬಿಸುವುದಿಲ್ಲ, ಕುರಿ ತುಂಬಿಸುತ್ತದೆ.

ನಾನು ಹೇಳಬೇಕಾದದ್ದು ಪಂಡಿತರ ಕತೆಯಲ್ಲ, ನಮ್ಮ ಓಣಿಗೆಲ್ಲ ಚಿಕ್ಕಮ್ಮನಾದ ಸೆದೆಫ್ ಖಾಲಾಳದ್ದು.

ಅವಳು ಅಕ್ರೋಟಿನ ತಿರುಳನ್ನು ದಾರಕ್ಕೆ ಪೋಣಿಸಿ, ಕಾಸಿದ ದ್ರಾಕ್ಷಿರಸದಲ್ಲಿ ಅದ್ದಿ, ಒಣಗಿಸಿ ಮಾರುತ್ತಿದ್ದಳು. ಸುಗ್ಗಿ ಬಂತೆಂದರೆ ಮಣಿಕಟ್ಟಿನವರೆಗೆ ಕೈ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಬಾಯಿ ಬಲು ಜೋರು. ಗಿರಾಕಿ ಯಾರಾದರೂ, "ಖಾಲಾ, ಇದು ಹೋದ ವರ್ಷದ್ದಲ್ಲ ತಾನೇ?" ಎಂದರೆ, "ಹೋದ ವರ್ಷದ್ದು ನಿನ್ನ ಷರಾಯಿ. ಇದು ಈ ವರ್ಷದ್ದು, ತಿನ್ನು!" ಎನ್ನುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡ ಸತ್ತಿದ್ದ. ಇದ್ದವನು ಒಬ್ಬನೇ ಮಗ, ಆಯಾಜ್.

ಆಯಾಜ್ ಮತ್ತು ನಾನು ಸಾಬೂನಿನ ಕಾರ್ಖಾನೆಯಲ್ಲಿ ಒಟ್ಟಿಗೆ ಕೊಬ್ಬು ಕಾಸಿದವರು. ಅದಕ್ಕೂ ಮುಂಚೆ, ಶಹಾ ದೊರೆಯ ಕಾಲದಲ್ಲಿ, ಯೂನಿವರ್ಸಿಟಿಯವರು ಗುಡ್ಡ ಅಗೆಸಿದಾಗ ಅವನು ಅಲ್ಲಿ ಕೂಲಿಗೆ ಹೋಗಿದ್ದ. ಒಂದು ದಿನ ಅವನ ಸಲಿಕೆ ಠಣ್ ಎಂದಿತು. ಮಣ್ಣು ಸರಿಸಿದರೆ ಚಪ್ಪಡಿ ಕಲ್ಲು. ಅದರ ಮೇಲೆ ಬಿಲ್ಲಿನಂತೆ ಬಾಗಿದ ಗೆರೆ, ಗೆರೆಗೆ ಅಡ್ಡಲಾಗಿ ಕೂದಲೆಳೆಯಂಥ ಗೀರುಗಳು. ಪ್ರೊಫೆಸರ್ ಓಡಿ ಬಂದು ಆ ಕಲ್ಲಿಗೆ ಮುತ್ತಿಟ್ಟನಂತೆ. ಆಯಾಜ್ ಅಂದೇ ಸಂಜೆ ತಾಯಿಯನ್ನು ಕರೆದೊಯ್ದು ಅದರ ಮೇಲೆ ಕೂರಿಸಿದ.

"ಅಮ್ಮಾ, ಇದು ನನ್ನ ಕಲ್ಲು. ಪ್ರೊಫೆಸರ್ ಮುತ್ತು ಕೊಟ್ಟಿರೋ ಕಲ್ಲು."

"ಅಯ್ಯೋ ಪಾಪ! ಆ ಮನುಷ್ಯನಿಗೆ ಹೆಂಡತಿ ಇಲ್ವೇನೋ?"

ಆಮೇಲೆ ಶಹಾ ಗದ್ದುಗೆ ಬಿಟ್ಟು ಓಡಿಹೋದ. ಬಂದ ಹೊಸಬರೂ ಕೂಲಿ ಹೆಚ್ಚಿಸಲಿಲ್ಲ. ನಾವು ಕಾರ್ಖಾನೆಯ ಕೆಲಸ ನಿಲ್ಲಿಸಿದೆವು. ನಮ್ಮಿಬ್ಬರನ್ನೂ ಒಂದೇ ಗಾಡಿಯಲ್ಲಿ ತುಂಬಿಕೊಂಡು ಜೈಲಿಗೆ ಒಯ್ದರು. ವರ್ಷಗಳ ಮೇಲೆ ನಾನು ದವಡೆ ಹಲ್ಲು ಕಳಕೊಂಡು ವಾಪಸ್ ಬಂದೆ. ಆಯಾಜನದು ಬಟ್ಟೆಯ ಗಂಟು ಮಾತ್ರ ಬಂತು. ಹೂತ ಜಾಗ ಕೇಳಬೇಡ, ನೆಂಟರನ್ನು ಸೇರಿಸಿ ಅಳಬೇಡ ಎಂದು ತಾಯಿಗೆ ಹೇಳಿ ಗಂಟು ಕೊಟ್ಟರು. ಇದರಲ್ಲಿ ನಾನು ಸೇರಿಸಿ ಹೇಳುವುದಕ್ಕೆ ಏನೂ ಇಲ್ಲ.

ನಮ್ಮ ಮಾತಿನಲ್ಲಿ ಒಲೆಗೆ ಒಜಾಖ್ ಅನ್ನುತ್ತಾರೆ. ಹರಕೆ ಹೊರುವ ಪವಾಡದ ಜಾಗಕ್ಕೂ ಅದೇ ಮಾತು. ಮಕ್ಕಳಿಲ್ಲದವರನ್ನು 'ಒಜಾಖ್ ಕುರುಡಾದವರು' ಎನ್ನುತ್ತಾರೆ. ಮನೆಯೊಳಗೆ ಒಲೆ ಉರಿಯುತ್ತಿದ್ದರೂ ಅದು ಕುರುಡೇ. ಮಗ ಹೋದ ಮೇಲೆ ಓಣಿಯ ಹೆಂಗಸರು ಜಗಳ ಬಿದ್ದಾಗಲೆಲ್ಲ ಸೆದೆಫ್ ಖಾಲಾಳ ಮೇಲೆ ಆ ಮಾತು ಎಸೆಯುತ್ತಿದ್ದರು. ಬೇರೆ ಬೈಗುಳಕ್ಕೆಲ್ಲ ಎರಡರಷ್ಟು ತಿರುಗಿಸಿ ಕೊಡುವವಳು ಇದಕ್ಕೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ವಸಂತದಲ್ಲಿ ಬರುವ ನಮ್ಮ ಹೊಸ ವರ್ಷಕ್ಕೆ ಮುಂಚಿನ ಕೊನೆಯ ಗುರುವಾರ ಊರೆಲ್ಲ ಗೋರಿಸ್ಥಾನದಲ್ಲಿರುತ್ತದೆ. ಗೋರಿಯ ಕಲ್ಲನ್ನು ನೀರು ಹಾಕಿ ತೊಳೆಯಬೇಕು, ಪನ್ನೀರು ಚಿಮುಕಿಸಬೇಕು, ಎರಡು ಬೆರಳಿನಿಂದ ಕಲ್ಲು ತಟ್ಟಬೇಕು. ತಟ್ಟಿದರೆ ಒಳಗಿನವರಿಗೆ ನಾವು ಬಂದದ್ದು ಗೊತ್ತಾಗುತ್ತದೆ. ಖಾಲಾ ಗಂಡನ ಗೋರಿ ತೊಳೆದು, ಉಳಿದ ನೀರು ಹಿಡಿದುಕೊಂಡು ರಸದ್ ಗುಡ್ಡ ಹತ್ತುತ್ತಿದ್ದಳು. ನೆತ್ತಿಯ ಅಡಿಪಾಯದ ಮೇಲೆ ಸರ್ಕಾರ ಬಿಳಿ ಗುಮ್ಮಟ ಕವುಚಿದೆ. ಆಯಾಜನ ಕಲ್ಲು ಅದರ ಹೊರಗೆ, ಗಾಳಿ ಬೀಸುವ ಬದಿಯಲ್ಲಿತ್ತು. ತೊಳೆಯುವಳು, ತಟ್ಟುವಳು, ಹಲ್ವಾದ ತುಣುಕನ್ನು ಅಂಚಿನಲ್ಲಿಡುವಳು. ಕಾವಲಿನ ಮೆಷ್ದಿ ಖುದ್‌ರತ್ ನಮ್ಮೂರಿನವನೇ, ವಿಷಯ ಬಲ್ಲವನು. ಅಷ್ಟು ಹೊತ್ತು ಬೆನ್ನು ತಿರುಗಿಸಿ ಬೀಡಾಡಿ ನಾಯಿಗಳನ್ನು ಬೈಯುತ್ತ ನಿಲ್ಲುತ್ತಿದ್ದ.

ಹೀಗೇ ಕಾಲ ಸಾಗುತ್ತಿತ್ತು. ಆದರೆ ಒಂದು ವರ್ಷ ಕೆಳಗಿನ ಓಣಿಯ ಫರಂಗೀಸ್ ಎಂಬ ಸೊಸೆ ಕಾಡುಸೊಪ್ಪು ಕೀಳಲು ಬಂದವಳು ಇದನ್ನು ನೋಡಿಬಿಟ್ಟಳು. ಬೆರಳು ತಟ್ಟಿದ ಮೇಲೆ ಕೆಳಗೆ ಯಾರೋ ಇರಲೇಬೇಕು. ಆ ಗುಡ್ಡದಲ್ಲಿ ಯಾರನ್ನೂ ಹೂತದ್ದನ್ನು ಮುತ್ತಜ್ಜಂದಿರೂ ಕಂಡಿಲ್ಲ. ಹಾಗಾದರೆ ಯಾರೋ ಪುರಾತನ ಸಂತನೇ ಇರಬೇಕು! ಫರಂಗೀಸ್ ಗುಟ್ಟಾಗಿ ಕಲ್ಲಿನ ಪಕ್ಕದ ಮುಳ್ಳುಗಿಡಕ್ಕೆ ಹರಕೆಯ ಹಸಿರು ಬಟ್ಟೆಯ ಚೂರು ಕಟ್ಟಿ ಬಂದಳು. ಮದುವೆಯಾಗಿ ಎಷ್ಟೋ ವರ್ಷ ಆಗದಿದ್ದ ಬಸಿರು ಆಯಿತು. ಇನ್ನು ಕೇಳಬೇಕೆ? ಬಂಜೆಯರು ಬಂದರು, ಕೀಲುನೋವಿನವರು ಬಂದರು, ಕಲ್ಲಿನ ತುಂಬ ಮೇಣದಬತ್ತಿ ಉರಿಯಿತು. ರಸದ್ ಒಜಾಖ್ ಎಂಬ ಹೆಸರೂ ಬಿತ್ತು.

ಒಲೆ ಕುರುಡಾದವಳ ಬೆರಳಿಂದ ಊರಿಗೊಂದು ಒಜಾಖ್ ಹುಟ್ಟಿತ್ತು. ಅವಳಿಗೆ ಮಾತ್ರ ಕೂರಲು ಜಾಗವಿಲ್ಲ. ಕೊನೆಯ ಗುರುವಾರ ಹೋದರೆ ಸಾಲಿನಲ್ಲಿ ನಿಲ್ಲಬೇಕು.

ಮೇಣ ಗೆರೆಗಳೊಳಗೆ ಇಳಿಯಿತು. ಸ್ಮಾರಕಗಳ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಜೀಪಿನಲ್ಲಿ ಬಂದಳು. ಓದಿದವರನ್ನೆಲ್ಲ ನಾವು ಎಂಜಿನಿಯರ್ ಅನ್ನುವುದು ವಾಡಿಕೆ, ಅವಳೂ ಎಂಜಿನಿಯರ್ ಖಾನುಮ್ ಆದಳು. ಕೆಟ್ಟವಳಲ್ಲ. ಅವತ್ತು ಗುಡ್ಡದಲ್ಲಿ ನಾನೂ ಇದ್ದೆ, ಖಾಲಾಳನ್ನು ಕೈಹಿಡಿದು ಹತ್ತಿಸಿದವನೇ ನಾನು.

"ನೋಡಿ ಅಮ್ಮಂದಿರಾ, ಇದು ಗೋರಿ ಅಲ್ಲ. ನಕ್ಷತ್ರ ಅಳೆಯೋ ಸಾಧನದ ತುಂಡು," ಎಂದಳು ಖಾನುಮ್. "ನೀವು ದೀಪ ಹಚ್ಚೋದು ಬಿಡದಿದ್ರೆ ಇದನ್ನ ಕಿತ್ತು ತಬ್ರೀಜಿನ ಉಗ್ರಾಣಕ್ಕೆ ಸಾಗಿಸ್ತೀವಿ. ಆಮೇಲೆ ಯಾರಿಗೂ ಕಾಣೋಕೆ ಸಿಗಲ್ಲ."

ಫರಂಗೀಸ್ ಉಬ್ಬಿದ ಹೊಟ್ಟೆ ಮುಂದೆ ಮಾಡಿ ನಿಂತಳು. "ನಿಮ್ಮ ಸಾಧನ ನನ್ನ ಹೊಟ್ಟೆ ತುಂಬಿಸ್ತಾ? ಇಲ್ಲಿ ದೊಡ್ಡವರು ಮಲಗಿದ್ದಾರೆ!"

"ನಿನ್ನ ಗಂಡನೂ ಅಲ್ಪಸ್ವಲ್ಪ ಕಷ್ಟಪಟ್ಟಿರ್ತಾನೆ ಬಿಡಮ್ಮ," ಎಂದ ಮೆಷ್ದಿ. ಯಾರೂ ನಗಲಿಲ್ಲ.

"ಸೆದೆಫ್ ಖಾಲಾನ್ನೇ ಕೇಳಿ," ಎಂದಳು ಫರಂಗೀಸ್. "ನಾನು ಮದುವೆಯಾಗಿ ಬರೋಕೆ ಮುಂಚಿಂದ ತೊಳೀತಾ ಇದ್ದಾಳಂತೆ. ಖಾಲಾ, ನಿನ್ನ ಸತ್ತೋರ ಆಣೆ, ಹೇಳು. ಇಲ್ಲಿ ಯಾರಿದ್ದಾರೆ?"

ಎಲ್ಲರೂ ಅವಳತ್ತ ತಿರುಗಿದರು. ಸಂತನಿದ್ದಾನೆ ಎಂದರೆ ದೀಪ ನಿಲ್ಲುವುದಿಲ್ಲ, ಕಲ್ಲು ಲಾರಿ ಹತ್ತುತ್ತದೆ. ಮಗನ ಹೆಸರೆತ್ತಿದರೆ ಜೀಪಿನಲ್ಲಿ ಬರುವವರು ಬೇರೆ, ಅಂದು ಗಂಟು ಕೊಟ್ಟವರು. ಖಾಲಾ ನನ್ನ ಕೈ ಬಿಟ್ಟಳು. ಕಂದು ಬೆರಳುಗಳಿಂದ ಕಲ್ಲಿನ ಅಂಚಿನ ಮೇಣವನ್ನು ಒಂದಿಷ್ಟು ಕೆರೆದಳು.

"ಯಾರೂ ಇಲ್ಲ," ಎಂದಳು.

"ಏನು?"

"ಕಿವಿ ಕೇಳಲ್ವೇನೇ? ಯಾರೂ ಇಲ್ಲ ಇಲ್ಲಿ. ಬರೀ ಕಲ್ಲು."

"ಮತ್ತೆ ತೊಳೀತಿದ್ದೆ? ತಟ್ಟುತಿದ್ದೆ?"

"ಹುಚ್ಚು ಕಣೇ. ಒಂಟಿ ಮುದುಕಿ. ಗೋಡೆ ಹತ್ರಾನೂ ಮಾತಾಡ್ತೀನಿ, ಬೆಕ್ಕಿನ ಹತ್ರಾನೂ ಮಾತಾಡ್ತೀನಿ. ನೀನು ನೋಡಿ ಹರಕೆ ಹೊತ್ತರೆ ನಾನೇನು ಮಾಡ್ಲಿ? ನಾಳೆ ಬೆಕ್ಕಿಗೂ ಬಟ್ಟೆ ಕಟ್ಟು."

ಫರಂಗೀಸಳ ಮುಖ ಕಪ್ಪಿಟ್ಟಿತು. "ಒಜಾಖ್ ಕುರುಡಿ! ನಿನಗಿಲ್ಲ ಅಂತ ನಮಗೂ ಇರಬಾರದು, ಅಲ್ವಾ?" ಎಂದು ಉಗಿದು ಗುಡ್ಡ ಇಳಿದಳು. ಉಳಿದವರು ಒಬ್ಬೊಬ್ಬರಾಗಿ ಬಟ್ಟೆಚೂರು ಬಿಚ್ಚಿಕೊಂಡು ಹಿಂದೆ ಹೋದರು. ಖಾನುಮ್ ಖಾಲಾಳ ಕೈ ಹಿಡಿದು ಉಪಕಾರ ಹೇಳಿದಳು. ಖಾಲಾ ಕೈ ಬಿಡಿಸಿಕೊಂಡಳು.

ಕಲ್ಲು ಉಳಿಯಿತು. ಸುತ್ತ ಹಗ್ಗ ಕಟ್ಟಿ ಫಲಕ ನೆಟ್ಟರು. ಆದರೆ ಖಾಲಾ ಮತ್ತೆ ಗುಡ್ಡ ಹತ್ತಲಿಲ್ಲ. ಅವಳ ಬೆರಳು ಒಂದು ಸಲ ತಟ್ಟಿದ್ದನ್ನು ಯಾರಾದರೂ ಕಂಡರೆ ಸಾಕು, ಎಲ್ಲ ಮತ್ತೆ ಶುರುವಾಗುತ್ತದೆ.

ಮುಂದಿನ ವರ್ಷ ಕೊನೆಯ ಗುರುವಾರ ನನ್ನನ್ನು ಕರೆದಳು.

"ಬೆಹ್ಲೂಲ್, ನೀನು ಹೋಗಿ ಬಾ. ಊರು ನೋಡೋಕೆ ಬಂದವರ ಥರ ಟಿಕೆಟ್ ತಗೊಂಡು ಹೋಗು. ಪನ್ನೀರು ಬೇಡ, ಹಲ್ವಾ ಬೇಡ. ನಿನ್ನ ಆ ದರಿದ್ರ ಕೈನ ಜೇಬಲ್ಲೇ ಇಟ್ಕೋ."

ಹೋದೆ. ಗುಮ್ಮಟದೊಳಗೆ ಒಂದು ಸುತ್ತು ಹಾಕಿ, ತಿಳಿದವನಂತೆ ತಲೆಯಾಡಿಸಿ ಹೊರಗೆ ಬಂದೆ. ಹಗ್ಗದಾಚೆ ನಿಂತು ಕಲ್ಲು ನೋಡಿದೆ. ಫಲಕದಲ್ಲಿ ದೊರೆಯ ಹೆಸರಿತ್ತು, ಪಂಡಿತನ ಹೆಸರಿತ್ತು, ಅಗೆಸಿದ ಪ್ರೊಫೆಸರನ ಹೆಸರೂ ಇತ್ತು.

ಮರಳಿ ಬಂದಾಗ ಖಾಲಾ ಒಲೆಯ ಮುಂದೆ ಅಕ್ರೋಟು ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೇಗಿದ್ದಾನೆ?"

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ತಿಳಿಯಿತು. ಸೂಜಿ ನಿಂತಿತು.

"ಚೆನ್ನಾಗಿದ್ದಾನೆ ಖಾಲಾ," ಎಂದೆ. "ಹಿಮ ಕರಗಿ ನೀರು ಹರೀತಿತ್ತು. ಮೈಯೆಲ್ಲ ತೊಳೆದ ಹಾಗಿತ್ತು."

"ಮೇಣ?"

"ಗೆರೆಯೊಳಗೆ ಇನ್ನೂ ಸ್ವಲ್ಪ ಇದೆ."

"ಅಯೋಗ್ಯರು," ಎಂದಳು. ತನ್ನ ಚಹಾಕ್ಕೆಂದು ಒಂದು ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ನನ್ನ ಮುಂದೆ ಚಹಾ ತಳ್ಳಿ, ಮತ್ತೆ ಸೂಜಿ ಎತ್ತಿಕೊಂಡಳು.