ಶೇಖರಮ್ಮನ ಕಂಪ್ಯೂಟರಿಗೆ ಒಂದು ದಿನದ ರಜಾ

ಗಂಗಾವತ್ಯಾಗ ಕಂಪ್ಯೂಟರಿಗೇನು ಬರಗಾಲ ಇಲ್ಲ. ಓಣಿಗೆ ಎರಡು ಝೆರಾಕ್ಸ್ ಅಂಗಡಿ, ಅಂಗಡಿಗೆ ಮೂರು ಹೊಸಾ ಕಂಪ್ಯೂಟರ್. ಆದ್ರ ಹಳೇ ಬಸ್ ಸ್ಟ್ಯಾಂಡಿನ ಹಿಂದ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಶೇಖರಮ್ಮ ಮಾತ್ರ ತನ್ನ ಹಳೇದನ್ನ ಬಿಡಲಿಲ್ಲ. ಹೊಟ್ಟಿ ಮುಂದ ಬಂದ ಟೀವಿಯಂಥಾ ಪರದೆ, ಹಳದಿಗೆ ತಿರುಗಿದ ಡಬ್ಬಿ, ಕರೇ ಬಯಲಿನ ಮ್ಯಾಲ ಹಸರ ಅಕ್ಷರ. ಮೌಸ್ ಇಲ್ಲ, ಇಂಟರ್ನೆಟ್ ಇಲ್ಲ. ಬಳ್ಳಾರಿಯೊಳಗ ಯಾವುದೋ ಆಫೀಸು ಮುಚ್ಚುವಾಗ ಆಕಿ ಗಂಡ ಕೊಟ್ರೇಶ ಅಗ್ಗಕ್ಕ ಸಿಕ್ಕತಂತ ಹೊತ್ತುಕೊಂಡು ಬಂದಿದ್ದ. ಅದರಾಗ ಕನ್ನಡ ಟೈಪ್ ಮಾಡೋ ಪ್ರೋಗ್ರಾಮ್ ಒಂದಿತ್ತು. ಅದನ್ನ ಮಾಡಿದವರು ಈಗ ಎಲ್ಲಿ ಅದಾರೋ ಆ ದೇವರಿಗೇ ಗೊತ್ತು. ಅದರಾಗ ಬರದದ್ದನ್ನ ಹೊಸಾ ಕಂಪ್ಯೂಟರಿನ್ಯಾಗ ತೆರೆದ್ರ ಕನ್ನಡ ಹೋಗಿ ಬರೇ ಚುಕ್ಕಿ, ಗೀಟು, ಗಂಟು ಕಾಣ್ತಾವ. ಅಂದ್ರ ಅದರಾಗ ಇದ್ದದ್ದು ಅದರಾಗೇ ಇರಬೇಕು.

ಅದನ್ನ ಆಕಿ ಸಾಕಿದ್ದು ಎಮ್ಮಿ ಸಾಕಿದಂಗ. ಅಕ್ಕಿ ಗಿರಣಿ ಊರಿದು, ತೌಡಿನ ಧೂಳು ಎಲ್ಲಿ ಬೇಕಲ್ಲಿ ಹೊಗತೈತಿ. ತಿಂಗಳಿಗೊಮ್ಮಿ ಡಬ್ಬಿ ಬಿಚ್ಚಿ, ಬಣ್ಣದ ಬ್ರಷ್ಷಿನಿಂದ ಸವರಿ, ಸೈಕಲ್ ಪಂಪಿನಿಂದ ಗಾಳಿ ಹೊಡೀತಿದ್ದಳು. ಒಳಗಿನ ಚೀಟಿಯಂಥಾ ಹಲಗಿಗಳ ಅಂಚನ್ನ ಸಾಲಿ ಮಕ್ಕಳ ರಬ್ಬರಿನಿಂದ ತಿಕ್ಕಿ ಮತ್ತ ಸೇರಿಸ್ತಿದ್ದಳು. ಪ್ರಿಂಟರಿನ ರಿಬ್ಬನ್ ಒಣಗಿದ್ರ ಸಿಕ್ಕಾ ಒತ್ತೋ ಮಸಿ ಕುಡಿಸ್ತಿದ್ದಳು. ನೋಡಿದವರು, "ಇದನ್ನ ಗುಜರಿಗಿ ಹಾಕ್ರಿ ಶೇಖರಮ್ಮಾರ" ಅಂತ ನಗ್ತಿದ್ರು. ನಗಲಿ. ಆಕಿ ಬೆರಳಿಗೆ ಬೇರೆ ಕೀಲಿಮಣಿ ಒಗ್ಗಲೇ ಇಲ್ಲ.

ಇನ್ನೊಂದು ಕಾರಣಾನೂ ಇತ್ತು. ಅದು ಉಮರಸಾಬನ ಪದಗಳು.

ಉಮರಸಾಬ ಮರಳಿ ಅನ್ನೋ ಹಳ್ಳಿಯಾವ. ಮೊಹರಮ್ ಬಂತಂದ್ರ ಬೆಂಕಿ ಹಚ್ಚೋ ಅಲಾವಿ ಕುಣಿ ಮುಂದ ನಿಂತು ಕರ್ಬಲಾದ ಕಥಿ ಹಾಡಾವ. ಹಾಡಿದ್ದೆಲ್ಲಾ ಕನ್ನಡದಾಗ, ಕಟ್ಟಿದ್ದೆಲ್ಲಾ ತಾನೇ. ಓದಾಕ ಬರಿಯಾಕ ಒಂದಕ್ಷರ ಬರ್ತಿದ್ದಿಲ್ಲ. ಹಿಮ್ಮೇಳದವರು ಒಬ್ಬೊಬ್ಬರಾಗಿ ಮಣ್ಣಾದ್ರು, ಹುಡುಗರು ಡೀಜೆ ಹಚ್ಚಿ ಕುಣಿಯಾಕ ಹತ್ತಿದ್ರು. ಮುದುಕಗ ಚಿಂತಿ ಹತ್ತಿತು. ಮಗ ಜಹೀರ ಶೇಖರಮ್ಮನ ಪಕ್ಕದಾಗೇ ಟೀವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾನ. ಅಲ್ಲಿಗೆ ಬಂದು ಕುಂತಾವ ಒಂದಿನ ಈಕಡೆ ಇಣಿಕಿ, "ಬೇ ಶೇಖರವ್ವಾ, ನಾ ಹಾಡ್ತೀನಿ, ನೀ ಬಡಕೋ" ಅಂದ.

ಹಂಗ ಶುರುವಾತು. ಗಿರಾಕಿ ಇಲ್ಲದ ಮಧ್ಯಾಹ್ನ ಆತ ಹಾಡೋದು, ಈಕಿ ಟೈಪ್ ಮಾಡೋದು. ಆಮ್ಯಾಲ ಓದಿ ಹೇಳಬೇಕು. ಒಂದು ಮಾತು ತಪ್ಪಿದ್ರ ಮುದುಕ ತೊಡಿ ಮ್ಯಾಲ ತಾಳ ಹಾಕೋ ಕೈ ನಿಲ್ಲಿಸಿಬಿಡ್ತಿದ್ದ. ಬೈತಿದ್ದಿಲ್ಲ, ಕೈ ನಿಲ್ಲಿಸ್ತಿದ್ದ ಅಷ್ಟ. ಈಕಿ ತಿದ್ದಿದ ಮ್ಯಾಲೇ ಮತ್ತ ತಾಳ. ವರ್ಷಗಟ್ಟಲೆ ನಡೀತು ಈ ಕೆಲಸ.

ಹ್ವಾದ ವರ್ಷ ಉಮರಸಾಬಗ ಲಕ್ವಾ ಹೊಡೀತು. ಬಲಗೈ ಬಿತ್ತು, ಮಾತು ಪೂರಾ ನಿಂತಿತು. ಕಣ್ಣಿಗೆ ಮದಲೇ ಪೊರಿ ಬಂದಿತ್ತು. ಹಾಡೋ ಮನುಷ್ಯಾಗ ಮಾತು ಹೋಗೋದಂದ್ರ ಏನು, ನೀವೇ ಹೇಳ್ರಿ. ಜಹೀರ ಸಂಜಿಮುಂದ ಅಪ್ಪನ್ನ ಕೈಹಿಡಿದು ತಂದು ಶೇಖರಮ್ಮನ ಅಂಗಡ್ಯಾಗ ಕೂಡಿಸ್ತಿದ್ದ. ಆಕಿ ಪರದೆ ಮ್ಯಾಲ ಒಂದು ಪದಾ ತೆಗೆದು ರಾಗವಾಗಿ ಓದ್ತಿದ್ದಳು. ಮುದುಕ ಎಡಗೈಲೆ ತಾಳ ಹಾಕ್ತಿದ್ದ, ತುಟಿ ಅಲುಗತಿದ್ದವು. ಅದೊಂದು ತಾಸು ಆತ ಉಮರಸಾಬ ಆಗಿರ್ತಿದ್ದ. ಉಳಿದ ಹೊತ್ತು ಮೂಲ್ಯಾಗಿನ ಚೀಲ.

ಪದಗಳನ್ನ ಕಾಗದಕ್ಕ ಇಳಿಸಿ ಬರೋ ಮೊಹರಮ್ಮಿಗೆ ಮರಳಿ ಊರಿನ ಹುಡುಗರ ಕೈಯಾಗ ಕೊಡಬೇಕಂತ ಜಹೀರಗೂ ಶೇಖರಮ್ಮಗೂ ಆಸೆ. ಆದ್ರ ಪ್ರಿಂಟರಿನ ರಿಬ್ಬನ್ ಚಿಂದಿ ಆಗಿತ್ತು, ಅಂಥಾದ್ದು ಈಗ ಎಲ್ಲೂ ಸಿಗಂಗಿಲ್ಲ. ಫ್ಲಾಪಿಗೆ ಇಳಿಸಿ ಇಟ್ಟಿದ್ದಳು, ಕಾಲುವಿ ಸೀಮಿ ಥಂಡಿಗೆ ಬೂಷ್ಟು ಹಿಡಿದು ಹೋಗಿದ್ದವು. ಮೊಬೈಲಿನ್ಯಾಗ ಫೋಟೋ ಹೊಡೆದ್ರ ಬರೇ ಪಟ್ಟಿ ಪಟ್ಟಿ ಬಂದವು. ಕೈಲೇ ಬರ್ಕೊಬಹುದಿತ್ತು. ಆದ್ರ ಹುಬ್ಬಳ್ಳ್ಯಾಗ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ರಿಬ್ಬನ್ ತರಿಸಿ ಕೊಡ್ತೀನಿ ಅಂದಿದ್ದ. ಇಂದು ಬರ್ತೈತಿ, ನಾಳೆ ಬರ್ತೈತಿ ಅಂತ ಕುಂತರು. ನಾವು ಮನುಷ್ಯಾರು ಹಂಗೇ ಅದೀವಿ, ನಾಳೆ ಅನ್ನೋದನ್ನ ಕಿಸೇದಾಗ ಇಟ್ಟುಕೊಂಡೇ ತಿರುಗ್ತೀವಿ.

ಯುಗಾದಿ ಹೊತ್ತಿಗೇ ಜಹೀರ ಡಬ್ಬಿಗೆ ಕಿವಿ ಹಚ್ಚಿ ಕೇಳಿ ಹೇಳಿದ್ದ. "ಅಕ್ಕಾರ, ಒಳಗಿನ ಡಿಸ್ಕು ತಿರಗಾಕ ಹೆಣಗಾಡಕತ್ತೈತ್ರಿ. ಇನ್ನ ಇದನ್ನ ಬಂದ್ ಮಾಡಬ್ಯಾಡ್ರಿ. ತಿರಗತಾ ಇದ್ರ ತಿರಗತೈತಿ. ತಣ್ಣಗಾತಂದ್ರ ಮತ್ತ ಏಳೂದಿಲ್ಲ."

ಆಕಿ ಬಂದ್ ಮಾಡಲಿಲ್ಲ. ಕರೆಂಟು ಹೋದ್ರ ಇರಲೆಂದು ಲಾರಿ ಬ್ಯಾಟರಿ ಕಟ್ಟಿದ ಇನ್ವರ್ಟರ್ ಕೂಡಿಸಿದಳು. ಬ್ಯಾಸಗಿ, ಮಳಿಗಾಲ ಎರಡೂ ದಾಟಿದವು. ಅದು ಗುಂಯ್ ಅನಕೋತ ತಿರಗತಾ ಇತ್ತು.

ಆಮ್ಯಾಲ ದಸರಾದ ಖಂಡೇಪೂಜಿ, ಅಂದ್ರ ಆಯುಧ ಪೂಜಿ, ಬಂತು.

ಈಗ ಆಕಿ ಗಂಡ ಕೊಟ್ರೇಶನ ಸುದ್ದಿ ಹೇಳಬೇಕು. ಆತ ಅಕ್ಕಿ ಗಿರಣ್ಯಾಗ ಫಿಟ್ಟರ್ ಇದ್ದ. ಖಂಡೇಪೂಜಿ ದಿನ ಯಾವ ಗಿರಣಿನೂ ತಿರಗಂಗಿಲ್ಲ. ದುಡಿಯೋ ಯಂತ್ರಕ್ಕ ಅವತ್ತ ವಿಭೂತಿ, ಹೂವು, ರಜಾ. ಒಂದು ವರ್ಷ ಲಾರಿ ಬಾಗಲಾಗ ನಿಂತಾವಂತ ಮಾಲಕ ಒತ್ತಾಯ ಮಾಡಿ ಗಿರಣಿ ನಡಿಸಿದ. ಬೆಲ್ಟು ಕೊಟ್ರೇಶನ ಅಂಗಿ ಹಿಡಿದು ಎಳೀತು. ಮನಿಗೆ ಬಂದದ್ದು ಹೆಣ. ಅಂದಿನಿಂದ ಶೇಖರಮ್ಮ ಖಂಡೇಪೂಜಿ ದಿನ ಮನ್ಯಾಗಿನ ಮಿಕ್ಸರನ್ನೂ ಮುಟ್ಟಿದಾಕಿ ಅಲ್ಲ.

ಈ ಸಲದ ಖಂಡೇಪೂಜಿ ದಿನ ಜಹೀರ ರಿಬ್ಬನ್ ತರಾಕ ಹುಬ್ಬಳ್ಳಿಗೆ ಹೋಗಿದ್ದ. ಕೊನೀಗೂ ಬಂದೈತಿ ಅಂತ ಫೋನ್ ಬಂದಿತ್ತು. ಉಮರಸಾಬ ಅಂಗಡ್ಯಾಗ ಕುಂತು ಆಕಿ ಕೊಟ್ಟ ಹೋಳಿಗಿ ಮೆಲ್ಲತಿದ್ದ. ಶೇಖರಮ್ಮ ಕಂಪ್ಯೂಟರ್ ಒರಸಿ, ವಿಭೂತಿ ಎಳೆದು, ಚೆಂಡು ಹೂವಿನ ಮಾಲಿ ಹಾಕಿದಳು. ಉದಿನಕಡ್ಡಿ ಹಚ್ಚಿ ಕೈ ಮುಗಿಯೋ ಹೊತ್ತಿಗೆ ಒಳಗಿನ ಗುಂಯ್ ಸಪ್ಪಳ ಕಿವಿಗೆ ಬಿತ್ತು. ತಿರಗಾಕತ್ತಿತ್ತು, ಅವತ್ತೂ ತಿರಗಾಕತ್ತಿತ್ತು. ಆ ಗಿರಣಿ ಮಾಲಕಗೂ ನನಗೂ ಏನ್ ಫರಕು, ಅಂತ ಆಕಿಗೆ ಅನಿಸಿತು.

ಜಹೀರನ ಮಾತು ನೆನಪಿದ್ದಿಲ್ಲ ಅಂತಲ್ಲ, ನೆನಪಿತ್ತು. "ಒಂದ ದಿನ ಮಲಗಲಿ ಕಾಕಾ, ಭಾಳ ದುಡದೈತಿ" ಅಂದು ಸ್ವಿಚ್ ಆರಿಸಿದಳು. ಗುಂಯ್ ಅನ್ನೋದು ಸಣ್ಣಗಾಗಿ ನಿಂತಿತು. ಮುದುಕ ತಿನ್ನೋದು ಬಿಟ್ಟು ಆ ಕಡೆ ಮುಖ ಎತ್ತಿದ. ಆಮ್ಯಾಲ ಹೌದನ್ನೋಹಂಗ ತಲಿ ಆಡಿಸಿದ.

ಮರುದಿನ ದಶಮಿ. ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತ ಓಣಿಯವರಿಗೆಲ್ಲಾ ಬನ್ನಿ ಕೊಟ್ಟು, ಒಂದೆಸಳು ಕೀಲಿಮಣಿ ಮ್ಯಾಲೂ ಇಟ್ಟು ಸ್ವಿಚ್ ಒತ್ತಿದಳು. ಪರದೆ ಹತ್ತಿತು. ಒಳಗ ಟಕ್ ಅಂತು, ಇನ್ನೊಮ್ಮಿ ಟಕ್ ಅಂತು. ಗುಂಯ್ ಬರಲಿಲ್ಲ. ಆಕಿ ಆರಿಸಿ ಹಚ್ಚಿದಳು, ಡಬ್ಬಿ ತಟ್ಟಿದಳು. ಏಳವ್ವಾ ಅಂತ ಬಾಯಿಬಿಟ್ಟು ಬೇಡಿಕೊಂಡಳು. ಟಕ್, ಟಕ್. ಜಹೀರ ಹೊಸಾ ರಿಬ್ಬನ್ ಹಿಡಕೊಂಡು ಒಳಗ ಬಂದಾಗ ಆಕಿ ಹಂಗೇ ನಿಂತಿದ್ದಳು.

"ಬಂದ್ ಮಾಡಿದ್ರೇನ್ರಿ ಅಕ್ಕಾ" ಅಂದ.

ಆಕಿ ತಲಿ ತಗ್ಗಿಸಿದಳು. ಆತ ರಿಬ್ಬನ್ ಮೇಜಿನ ಮ್ಯಾಲ ಇಟ್ಟು ಸ್ಕ್ರೂಡ್ರೈವರ್ ತಗೊಂಡ. ಬೈದಿದ್ರ ಛಲೋ ಇತ್ತು.

ಜಹೀರ ಡಿಸ್ಕು ಬಿಚ್ಚಿಕೊಂಡು ಮತ್ತ ಹುಬ್ಬಳ್ಳಿಗೆ ಓಡಿದ. ಬಲ್ಲವರು ನೋಡಿದ್ರು. ಡಿಸ್ಕಿನೊಳಗಿನ ಓದೋ ಸೂಜಿ ತಿರಗೋ ತಟ್ಟಿಗೆ ಅಂಟಿಕೊಂಡಿತ್ತು, ಮತ್ತ ಮತ್ತ ಹಚ್ಚಿದ್ದಕ್ಕ ಹರಕೊಂಡು ಕೆರದೈತಿ, ಇದರಾಗ ಇನ್ನ ಏನೂ ಉಳಿದಿಲ್ಲ ಅಂದ್ರಂತ. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ಇಲ್ಲಿ ದೊಣ್ಣಿ ಹಿಡಿದ ಕೈ ಕುಂಬಾರಂದೇ, ಅದಕ್ಕ ಆಕಿಗೆ ಅಳಾಕೂ ಬಾಯಿ ಇಲ್ಲದಂಗಾತು.

"ಅಪ್ಪಗ ಹೇಳಬ್ಯಾಡ್ರಿ ಅಕ್ಕಾ" ಅಂದ ಜಹೀರ. "ಆ ತಾಸಿನ ಸಲುವಾಗೇ ಅದಾನ್ರಿ ಆತ. ಬಾಯಿಲೇ ಬಂದಷ್ಟು ಓದ್ರಿ. ಕಣ್ಣು ಕಾಣಂಗಿಲ್ಲ, ತಿಳಿಯಂಗಿಲ್ಲ." ಗುಂಯ್ ಸಪ್ಪಳಕ್ಕಂತ ಮೇಜಿನ ಕೆಳಗ ಸಣ್ಣ ಫ್ಯಾನ್ ಒಂದು ಹಚ್ಚಿದ.

ಆದ್ರ ಬಾಯಿಲೇ ಏನು ಬರ್ತೈತಿ? ಇಷ್ಟು ವರ್ಷ ಬಡಿದದ್ದು ಬೆರಳು. ಕಣ್ಣು ನೋಡ್ತಿತ್ತು, ಬಾಯಿ ಓದ್ತಿತ್ತು, ಮನಸು ಮಾತ್ರ ಪೆಟ್ಟಿಗ್ಯಾಗ ಐತಲ್ಲ ಅಂತ ಏನೂ ಇಟ್ಟುಕೊಳ್ಳಲಿಲ್ಲ. ರಾತ್ರೆಲ್ಲಾ ನೆನಸಿಕೊಂಡ್ರೂ ಆಕಿಗೆ ಗಟ್ಟಿ ಬಂದದ್ದು ಒಂದೇ ಪದದ ಎರಡು ನುಡಿ, ಎರಡು ಚರಣ ಅಷ್ಟ.

ಸಂಜಿಮುಂದ ಉಮರಸಾಬ ಬಂದು ಕುಂತ. ಶೇಖರಮ್ಮ ಕರೇ ಪರದೆ ಮುಂದ ಕುಂತು ಕೀಲಿ ಒತ್ತಿದಂಗ ಮಾಡಿ ಶುರು ಮಾಡಿದಳು.

"ನೀರ ತರತೇನಂತ ಹ್ವಾದಾವ ಬರಲಿಲ್ಲ,
ಗಡಗಿ ಬಾಯ್ತೆರೆದು ಕಾದೈತೋ..."

ಮುದುಕನ ಎಡಗೈ ತಾಳಕ್ಕ ಎದ್ದಿತು. ತುಟಿ ಅಲುಗಿದವು. ಎರಡು ನುಡಿ ಸುಸೂತ್ರ ಆದವು. ಮೂರನೇದಕ್ಕ ಆಕಿ ಎದಿಗಟ್ಟಿ ಮಾಡಿಕೊಂಡು ತನಗ ತೋಚಿದ್ದನ್ನ ಸೇರಿಸಿದಳು, ಕುದುರಿ, ಹಾದಿ, ಬಿಸಲು ಅಂತ.

ಕೈ ನಿಂತಿತು.

ಆಕಿ ತಿದ್ದಿದಳು. ಕೈ ಏಳಲಿಲ್ಲ. ಮತ್ತೊಂದು ಮಾತು ಹಾಕಿ ನೋಡಿದಳು. ಮುದುಕ ಹಂಗೇ ಕಾಯ್ದ. ಆಮ್ಯಾಲ ನಿಧಾನಕ್ಕ ಎಡಗೈ ಚಾಚಿ, ಮೇಜಿನ ಅಂಚು ತಡವಿ, ಡಬ್ಬಿ ಮ್ಯಾಲ ಅಂಗೈ ಇಟ್ಟ. ಏಸೋ ವರ್ಷದಿಂದ ಬೆಚ್ಚಗಿರೋ ಡಬ್ಬಿ ಅದು. ಈಗ ತಣ್ಣಗಿತ್ತು.

ಕೈ ಅಲ್ಲೇ ಭಾಳ ಹೊತ್ತು ಇತ್ತು. ಶೇಖರಮ್ಮಗ ತಡಿಯಲಿಲ್ಲ. "ನಾನೇ ಆರಿಸಿದ್ನಿ ಕಾಕಾ. ನಿಮ್ಮ ಪದಾ ಎಲ್ಲಾ ನಾನೇ ಕಳದ್ನಿ" ಅಂತ ಸೆರಗು ಬಾಯಿಗೆ ಒತ್ತಿ ಅತ್ತಳು. ಬಾಗಲಾಗ ನಿಂತ ಜಹೀರ ಆ ಕಡೆ ಮುಖ ತಿರುವಿದ. ಮುದುಕನ ಪೊರಿಗಣ್ಣಿನಿಂದ ನೀರು ಇಳಿದು ಗಡ್ಡದಾಗ ಹೋತು.

ಒಂದಿಷ್ಟು ಹೊತ್ತಾದ ಮ್ಯಾಲ ಆತ ಡಬ್ಬಿಯಿಂದ ಕೈ ತೆಗೆದು, ತೊಡಿ ಮ್ಯಾಲ ಇಟ್ಟು, ಮದಲಿನಿಂದ ತಾಳ ಶುರು ಮಾಡಿದ. ಆಕಿ ಮುಖ ಒರಸಿಕೊಂಡಳು. ಆಕಿಗೆ ಬರೋದು ಎರಡೇ ನುಡಿ. ಅವೆರಡೇ ಹಾಡಿದಳು. ಮುಗಿದ್ರೂ ತಾಳ ನಿಲ್ಲಲಿಲ್ಲ, ಅವೆರಡೇ ಮತ್ತ ಹಾಡಿದಳು.