ಸ್ಕೋಪ್ ಆಂಟಿಯ ಕೌಂಟರ್

ಅವರ ಎರಡೂ ಹೆಬ್ಬೆರಳುಗಳಲ್ಲಿ ರೇಖೆಗಳೇ ಇರಲಿಲ್ಲ. ಮೂವತ್ತು ವರ್ಷ ಕನ್ನಡಕದ ಗಾಜು ಉಜ್ಜಿ ಉಜ್ಜಿ ಬೆರಳ ತುದಿ ಹೊಳೆಯ ಬೆಣಚುಕಲ್ಲಿನಂತೆ ನುಣ್ಣಗಾಗಿತ್ತು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಬೆರಳಚ್ಚಿನ ಯಂತ್ರ ಅವರನ್ನು ಎರಡು ಸಲ ಒಪ್ಪಲಿಲ್ಲವಂತೆ. “ನಾ ಮನುಷ್ಯಾಳು ಹೌದೋ ಅಲ್ಲೋ ಅಂತ ಆ ಮಷೀನಿಗೆ ಸಂಶೆ ಬಂತ್ರಿ” ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು.

ನನ್ನ ಬಲಗಣ್ಣು ಇವತ್ತು ಈ ಕಾಗದದ ಮೇಲಿನ ಅಕ್ಷರ ನೋಡುತ್ತಿರುವುದು ಅವರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ಕೊನೆಯವರೆಗೆ ಕಾಯಿಸುವ ಅಭ್ಯಾಸ ನನಗಿಲ್ಲ.

ನಾನು ಕೊಡಗಿನವನು. ಹಬ್ಬದ ದಿನ ಬಂದೂಕಿಗೆ ಹೂವಿಟ್ಟು ಕೈಮುಗಿಯುವ ಮನೆಯಲ್ಲಿ ಬೆಳೆದೆ. ಸೈನ್ಯದಲ್ಲಿ ಸುಬೇದಾರನಾಗಿ, ಹುಡುಗರಿಗೆ ಗುರಿ ಹಿಡಿಯುವುದನ್ನು ಕಲಿಸಿ ನಿವೃತ್ತನಾದೆ. ಎಪ್ಪತ್ತು ದಾಟಿದ ಮೇಲೆ ಟೆಕ್ಸಸ್ಸಿನ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ಮಗಳ ಮನೆಗೆ ಬಂದೆ. ಇಲ್ಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಐದೂವರೆಗೆ ನಡಿಗೆ, ಏಳಕ್ಕೆ ತಿಂಡಿ. ಬಂದೂಕು ಕಂಡು ಗಾಬರಿಯಾಗುವ ಜಾತಿಯವನಲ್ಲ. ಆದರೂ ಆ ಅಂಗಡಿಗೆ ಮೊದಲ ದಿನ ಕಾಲಿಟ್ಟಾಗ ಬಾಗಿಲಲ್ಲೇ ನಿಂತುಬಿಟ್ಟೆ.

ಬೇಟೆ ಸಾಮಾನಿನ ಅಂಗಡಿ ಅದು. ಒಂದು ಗೋಡೆ ತುಂಬ ರೈಫಲ್ಲು, ಇನ್ನೊಂದರಲ್ಲಿ ಜಿಂಕೆಯ ತಲೆಗಳು. ಅವುಗಳ ಕೆಳಗಿನ ಗಾಜಿನ ಕೌಂಟರಿನ ಹಿಂದೆ ಅರವತ್ತೈದರ ಒಬ್ಬ ಹೆಂಗಸು ನಿಂತಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಇಳಕಲ್ ಸೀರೆ, ಅದರ ಮೇಲೆ ಅಂಗಡಿಯ ಹಸಿರು ಏಪ್ರನ್, ಕೈಯಲ್ಲಿ ರೈಫಲ್ಲಿಗೆ ಕಟ್ಟುವ ದುರ್ಬೀನು, ಅಂದರೆ ಸ್ಕೋಪು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕನ್ನಡದವ್ರಲ್ರಿ ನೀವು? ಒಳಗ ಬರ್ರಿ, ಏಸಿ ಗಾಳಿ ಹೊರಗ ಹೊಂಟೈತಿ” ಅಂದರು.

ಊರಿನ ಕನ್ನಡ ಮಕ್ಕಳೆಲ್ಲ ಅವರನ್ನು ಸ್ಕೋಪ್ ಆಂಟಿ ಎನ್ನುತ್ತಿದ್ದರು. ಅವರಿಗಿಂತ ದೊಡ್ಡವನಾದ ನಾನೂ ಕೊನೆಗೆ ಹಾಗೇ ಕರೆದೆ. ಹುಬ್ಬಳ್ಳಿಯಲ್ಲಿ ಅವರ ಗಂಡನ ಕನ್ನಡಕದಂಗಡಿ ಇತ್ತು. ಅಂಗಡಿಯ ಮುಂದೆ ಗಂಡ, ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಚಕ್ರದ ಮುಂದೆ ಇವರು. ಗಂಡ ತೀರಿಕೊಂಡ ಮೇಲೆ ಇಲ್ಲಿನ ಮಗಳ ಮನೆಗೆ ಬಂದರು. ಒಮ್ಮೆ ಯಾರದೋ ಜೊತೆ ಈ ಅಂಗಡಿಗೆ ಬಂದವರು, ಮಾರಾಟಕ್ಕಿಟ್ಟಿದ್ದ ಒಂದು ಸ್ಕೋಪನ್ನು ಬೆಳಕಿಗೆ ಹಿಡಿದು, ಒಳಗಿನ ಎರಡನೇ ಗಾಜು ಸಡಿಲವಾಗಿದೆ ಎಂದು ಹೇಳಿದರಂತೆ. ಬಿಳಿಗಡ್ಡದ ಟೆಕ್ಸನ್ ಯಜಮಾನ ಬಿಚ್ಚಿ ನೋಡಿದರೆ ಹೌದು. ವಾರಕ್ಕೆ ಮೂರು ದಿನ ಬರುತ್ತೀರಾ ಎಂದು ಅಲ್ಲೇ ಕೇಳಿದನಂತೆ.

ಮೊಟ್ಟೆ ಕೂಡ ಮುಟ್ಟದ ಆ ಹೆಂಗಸು ಬೇಟೆಗಾರರಿಗೆ ಸ್ಕೋಪು ಮಾರುವುದು ಅವರ ಮಗಳಿಗೆ ಮಾತ್ರ ಸುತರಾಂ ಸರಿಬರಲಿಲ್ಲ. ಆಂಟಿ ಅದಕ್ಕೆಲ್ಲ ಒಂದೇ ಉತ್ತರ ಇಟ್ಟುಕೊಂಡಿದ್ದರು: “ಬಂದೂಕಿನ ನಳಿಗಿ ಅವರದು, ಗಾಜು ನಂದು.” ಯಜಮಾನ ಗಿರಾಕಿಗೆ ರೈಫಲ್ಲು ತೋರಿಸುವಾಗ ಇವರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮಾತು ಸ್ಕೋಪಿಗೆ ಬಂದ ಕೂಡಲೇ ತಿರುಗುತ್ತಿದ್ದರು.

ನಾನು ಹೋದದ್ದು ಹಂದಿಯ ಸಲುವಾಗಿ. ಆಸ್ಟಿನ್ ನಗರದ ಹೊರಗೆ ಅಳಿಯನ ಸಹೋದ್ಯೋಗಿಯೊಬ್ಬರ ಜಮೀನಿದೆ. ಕಾಡುಹಂದಿಗಳು ಅದನ್ನು ಉತ್ತುಹಾಕಿದ್ದವು. ಶನಿವಾರ ಅಲ್ಲಿ ಬೇಟೆ. ಡಲ್ಲಾಸ್ ಕಡೆಯಿಂದ ಅಳಿಯನ ಗೆಳೆಯರೂ ಬರುವವರಿದ್ದರು. ರೈಫಲ್ಲು ಅಳಿಯನದು, ಅದಕ್ಕೆ ಸ್ಕೋಪು ಆರಿಸುವ ಹೊಣೆ ನನ್ನದು. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಕಾರು ಓಡಿಸಿಕೊಂಡು ಹೋಗಿ, ನೋಟ್‌ಬುಕ್ಕು ತೆರೆದು ಓದಿದೆ. ಒಂದು, ಬೆಲೆ ನೂರೈವತ್ತು ಡಾಲರಿನೊಳಗೆ. ಎರಡು, ಹನ್ನೆರಡು ಪಟ್ಟು ಹತ್ತಿರ ತೋರಿಸಬೇಕು.

“ಮೂರನೇದು ಓದಬ್ಯಾಡ್ರಿ” ಅಂದರು ಆಂಟಿ. “ನೂರೈವತ್ತಕ್ಕ ಹನ್ನೆರಡು ಪಟ್ಟು ತಗೊಂಡ್ರ ಹಂದಿ ಕಾಣಂಗಿಲ್ಲ, ಹಂದಿಯಂಥಾ ಮಬ್ಬು ಕಾಣತೈತಿ. ಕಡಿಮಿ ರೊಕ್ಕದಾಗ ಕಡಿಮಿ ಪಟ್ಟು ತಗೋರಿ. ನಾಕು ಪಟ್ಟು ಸಾಕು. ಗಾಜು ಚಲೋ ಸಿಗತೈತಿ.”

“ನೋಡಮ್ಮ, ನಾನು ಮುನ್ನೂರು ಗಜದಲ್ಲಿ ಬರಿಗಣ್ಣಿಂದ ಹೊಡೆದವನು.”

“ಹಂಗಾರ ಸ್ಕೋಪ್ ಯಾಕ್ರಿ ಸಾಹೇಬ್ರ? ಬರಿಗಣ್ಣಿಲೇ ಹೊಡೀರಿ, ನೂರೈವತ್ತು ಉಳೀತು.”

ಅತ್ತ ಯಜಮಾನನಿಗೆ ಭಾಷೆ ಬಾರದಿದ್ದರೂ ನಗು ಬಂತು. ನನಗೆ ಬರಲಿಲ್ಲ.

ಆಮೇಲೆ ಅವರ ಪರೀಕ್ಷೆಗಳನ್ನು ನೋಡಿ ಸ್ವಲ್ಪ ಮೆತ್ತಗಾದೆ. ಅಗ್ಗದ ಸ್ಕೋಪನ್ನು ಸೋಡಾ ಇಡುವ ಐಸ್ ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಇಟ್ಟು ಹೊರಗೆ ತೆಗೆಯುತ್ತಿದ್ದರು. ಗಾಜಿನ ಹೊರಗೆ ಕಟ್ಟಿದ ಮಂಜು ಒರೆಸಿದರೆ ಹೋಗುತ್ತದೆ, ಒಳಗೆ ಕಟ್ಟಿದರೆ ಅದು ಮಾರಾಟಕ್ಕಿಲ್ಲ. ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ಜಾಗ ಅಳೆದು ತೋರಿಸಿದರು. “ಇಷ್ಟು ಬಿಡಲಿಲ್ಲಂದ್ರ ಗುಂಡು ಹಂದಿಗೆ, ಬಂದೂಕು ಒದ್ದ ಪೆಟ್ಟು ನಿಮ್ಮ ಹುಬ್ಬಿಗೆ.” ಹೀಗೆ ಪಾಸಾದ ಮೂರನ್ನು ಸಾಲಾಗಿ ಇಟ್ಟು, ಕಿಟಕಿಯಾಚೆ ಪಾರ್ಕಿಂಗಿನ ಕೊನೆಯ ದೀಪದ ಕಂಬ ನೋಡಲು ಹೇಳಿದರು.

ಮೊದಲನೆಯದನ್ನು ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿಟ್ಟೆ. ಸ್ಕೋಪಿನೊಳಗೆ ಗುರಿಗೆಂದು ಅಡ್ಡ ಒಂದು, ಉದ್ದ ಒಂದು ಗೆರೆ ಇರುತ್ತದೆ. ಉದ್ದದ ಗೆರೆ ನಡುವಿನಲ್ಲಿ ಬಾಗಿತ್ತು.

“ಇದು ಡೊಂಕು” ಎಂದೆ.

ಅವರು ತೆಗೆದುಕೊಂಡು ನೋಡಿದರು. ಎರಡನೆಯದನ್ನು ಕೊಟ್ಟರು. ಅದೂ ಡೊಂಕು. ಮೂರನೆಯದು ಇನ್ನಷ್ಟು ದುಬಾರಿ. ಅದರದ್ದೂ ಗೆರೆ ನಡುವಿನಲ್ಲಿ ಕುಸಿದಿತ್ತು. ನನಗೆ ಸಿಟ್ಟೇ ಬಂತು. ಸೈನ್ಯದಲ್ಲಾಗಿದ್ದರೆ ಇಂಥ ಸಾಮಾನನ್ನು ಪೆಟ್ಟಿಗೆ ಸಮೇತ ಹಿಂದಕ್ಕೆ ಕಳಿಸುತ್ತಿದ್ದೆವು, ಅಗ್ಗದ ಹೆಸರಲ್ಲಿ ಕಸ ಮಾರುತ್ತೀರಿ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅಷ್ಟೊತ್ತು ಮಾತಿಗೆ ಮಾತು ಕೊಡುತ್ತಿದ್ದ ಹೆಂಗಸು ಈಗ ಸ್ಕೋಪು ಬಿಟ್ಟು ನನ್ನ ಕಣ್ಣು ನೋಡುತ್ತಿದ್ದರು.

“ಎಡಗಣ್ಣಿಲೆ ನೋಡ್ರಿ.”

“ನಾನು ಬಲಗಣ್ಣಿನವನು. ಐವತ್ತು ವರ್ಷದಿಂದ...”

“ನೋಡ್ರಿ ಅಂದೆ.”

ಸುಬೇದಾರನಿಗೆ ಹಾಗೆ ಅಪ್ಪಣೆ ಕೊಟ್ಟವರು ಕಡಿಮೆ. ನೋಡಿದೆ. ಗೆರೆ ನೇರವಾಗಿತ್ತು, ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟಂತೆ.

ಆಂಟಿ ನನ್ನ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದರು. ಸಾಮಾನು ನೇತುಹಾಕಲು ಸಾಲುಸಾಲಾಗಿ ತೂತು ಕೊರೆದ ಹಲಗೆ ಅಲ್ಲಿತ್ತು. ಮೊದಲು ಎಡಗಣ್ಣು: ತೂತುಗಳು ಪೆರೇಡಿನಲ್ಲಿ ನಿಂತ ಪ್ಲಟೂನಿನಂತೆ. ಆಮೇಲೆ ಬಲಗಣ್ಣು. ನಡುವಿನ ನಾಲ್ಕು ಸಾಲು ಒಳಗೆ ಕುಸಿದು, ಒಂದಕ್ಕೊಂದು ಅಂಟಿಕೊಂಡು, ಅದರ ಮಧ್ಯೆ ಬೂದು ಬಣ್ಣದ ಒಂದು ಕಲೆ. ಕಣ್ಣು ಉಜ್ಜಿಕೊಂಡೆ. ಕಲೆ ಹೋಗಲಿಲ್ಲ. ಎರಡೂ ಕಣ್ಣು ತೆರೆದರೆ ಎಲ್ಲ ಸರಿ. ದಿನವಿಡೀ ಎರಡೂ ಕಣ್ಣು ತೆರೆದೇ ಇರುವವನಿಗೆ ಇದು ಗೊತ್ತಾಗುವುದಾದರೂ ಹೇಗೆ? ಗುಂಡಿನ ಸದ್ದಿಗೆ ಬೆಚ್ಚದವನು ಒಂದು ಹಲಗೆಯ ಮುಂದೆ ನಿಂತು ತೂತು ಎಣಿಸತೊಡಗಿದೆ.

“ಗಾಜು ಸರಿ ಅದಾವ್ರಿ, ಮೂರೂ” ಅಂದರು. “ಇವತ್ತ ಡಾಕ್ಟರ್ ಕಡೆ ಹೋಗ್ರಿ. ಕಣ್ಣಿನ ಹಿಂದಿನ ಪದರ ನೋಡೋ ಡಾಕ್ಟರ್.”

ಭಯವಾದರೆ ನನಗೆ ಬರುವುದು ಸಿಟ್ಟು. “ಶನಿವಾರ ಆಸ್ಟಿನ್‌ಗೆ ಹೋಗಿ ಬರುತ್ತೇನೆ. ಸೋಮವಾರ ನೋಡೋಣ. ನೀವೇನು ಡಾಕ್ಟರಾ?”

ಅವರು ಏಪ್ರನ್ನಿಗೆ ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ನಮ್ಮನೆಯವ್ರಿಗೂ ಹಿಂಗ ಆಗಿತ್ರಿ. ಪೇಪರ್ ಓದೂಮುಂದ ಗೆರಿ ಡೊಂಕ ಕಾಣತೈತಿ ಅಂದ್ರು. ಗಾಜಿನ ತಪ್ಪು ಅಂತ ನಾ ಹೊಸಾದು ಉಜ್ಜಿ ಕೊಟ್ನಿ. ಆಗಲಿಲ್ಲ. ಮತ್ತ ಉಜ್ಜಿದ್ನಿ. ಮೂರನೇದೂ ಉಜ್ಜಿದ್ನಿ. ನಾಕು ತಿಂಗಳು ಹೋತು. ದವಾಖಾನಿಗೆ ಹೋಗೋದ್ರಾಗ ಆ ಕಣ್ಣು ಮುಗದಿತ್ತು, ಬೆನ್ನಹಿಂದ ಇನ್ನೊಂದೂ ಹೋತು.” ಮೂರೂ ಸ್ಕೋಪುಗಳನ್ನು ಪೆಟ್ಟಿಗೆಗೆ ಹಾಕಿದರು. “ಸಾಯೋತನಕ ನನ್ನ ಕಿವಿ ಕಾಣತಿದ್ವು ಅವ್ರಿಗೆ, ಜಡಿ ಕಾಣತಿತ್ತು. ನಡುವಿನ ಮಾರಿ ಕಾಣತಿರಲಿಲ್ಲ. ನಾ ಉಜ್ಜಿದ ಮೂರೂ ಗಾಜು ಸರಿ ಇದ್ದುವು ನೋಡ್ರಿ ಸಾಹೇಬ್ರ.”

ಅವರು ಕೈ ಚಾಚಿದರು.

“ಕಾರಿನ ಕೀ ಕೊಡ್ರಿ.”

“ನಿಮಗೆ ಡ್ರೈವಿಂಗ್ ಬರುತ್ತಾ?”

“ಬರಂಗಿಲ್ಲ. ನಿಮಗೂ ಇವತ್ತಿಗೆ ಬರಂಗಿಲ್ಲ.”

ಕೀ ಏಪ್ರನ್ನಿನ ಜೇಬಿಗೆ ಹೋಯಿತು. ನನ್ನ ಫೋನಿನಿಂದಲೇ ನನ್ನ ಮಗಳಿಗೆ ಫೋನ್ ಮಾಡಿ ಕರೆಸಿದರು. ಅವಳು ಬರುವವರೆಗೆ ಅಂಗಡಿಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. ಡಬ್ಬಿ ಬಿಚ್ಚಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟರು. “ಖಾಲಿ ಹೊಟ್ಟ್ಯಾಗ ಅಂಜಬಾರದ್ರಿ” ಅಂದರು. ತಿಂದೆ. ರುಚಿ ತಿಳಿಯಲಿಲ್ಲ.

ಮರುದಿನ ಹ್ಯೂಸ್ಟನ್ನಿನ ಡಾಕ್ಟರು ಕಣ್ಣಿನ ಚಿತ್ರ ತೆಗೆದು ತೋರಿಸಿದರು. ಹಿಂದಿನ ಪದರದಡಿ ನೀರು, ರಕ್ತ ಒಸರುತ್ತಿತ್ತು. ಇನ್ನು ಕೆಲವು ವಾರ ಬಿಟ್ಟಿದ್ದರೆ ನಡುವಿನ ನೋಟ ವಾಪಸ್ ಬರುತ್ತಿರಲಿಲ್ಲ ಎಂದರು. ಚಿಕಿತ್ಸೆ ಏನೆಂದು ಕೇಳಿದೆ. ಕಣ್ಣಿಗೇ ಸೂಜಿ. ಕುರ್ಚಿಯ ತೋಳು ಹಿಡಿದ ನನ್ನ ಕೈಯನ್ನು ಬಿಡಿಸಲು ಇಬ್ಬರು ನರ್ಸುಗಳು ಬೇಕಾದರು. ಇದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಶನಿವಾರ ಅಳಿಯ ಒಬ್ಬನೇ ಆಸ್ಟಿನ್‌ಗೆ ಹೋದ. ನಾನು ಮನೆಯಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದೆ. ತಿಂಗಳಿಗೊಂದರಂತೆ ಸೂಜಿ ನಡೆಯಿತು. ಮೂರನೆಯದರ ಹೊತ್ತಿಗೆ ಕಲೆ ಕರಗಿತು, ಗೆರೆ ಕೂದಲೆಳೆಯಷ್ಟು ಬಿಟ್ಟು ನೇರವಾಯಿತು.

ಅವತ್ತೇ ಅಂಗಡಿಗೆ ಹೋದೆ. ಹಲಗೆಯ ಮುಂದೆ ನಿಲ್ಲಿಸಿ ಮೊದಲು ಪರೀಕ್ಷೆ ಮಾಡಿದರು, ಆಮೇಲೆ ನಾಲ್ಕು ಪಟ್ಟಿನ ಒಂದು ಸ್ಕೋಪು ಮಾರಿದರು. ನೂರೈವತ್ತಕ್ಕಿಂತ ಹನ್ನೊಂದು ಡಾಲರ್ ಕಡಿಮೆ. ಚಳಿಗಾಲದಲ್ಲಿ ಅದರಿಂದ ಒಂದು ಹಂದಿ ಹೊಡೆದೆ. ಅದನ್ನು ಅವರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. “ಗಾಜು ಮಬ್ಬಾತೇನ್ರಿ?” ಎಂದಷ್ಟೇ ವಿಚಾರಿಸಿದರು.

ಪ್ರತಿ ಗುರುವಾರ ಹತ್ತಕ್ಕೆ ಹೋಗಿ ಕಾಲು ಗಂಟೆ ಕೂತು ಬರುವುದು ನನ್ನ ದಿನಚರಿಗೆ ಸೇರಿತು. ಅಂಥ ಒಂದು ಗುರುವಾರ ಕೇಳಿದೆ: ಇಷ್ಟೊಂದು ಕನ್ನಡಕದ ಅಂಗಡಿಗಳಿರುವಾಗ ಈ ಬಂದೂಕಿನ ಅಂಗಡಿಗೇ ಯಾಕೆ ಬಂದಿರಿ?

“ಕನ್ನಡಕದಂಗಡಿಗೆ ಕಣ್ಣು ಸರಿ ಇಲ್ಲ ಅಂತ ಗೊತ್ತಿದ್ದವ್ರು ಬರ್ತಾರ್ರಿ” ಅಂದರು, ಗಾಜು ಒರೆಸುತ್ತ. “ಗೊತ್ತಿಲ್ಲದವ್ರು ಒಂದ್ ಕಣ್ಣ ಮುಚ್ಚಿ ಗೆರಿ ನೋಡೋದು ಇಲ್ಲೆ. ಡೊಂಕ ಕಂಡ್ರ ಗಾಜಿಗೆ ಬೈತಾರ. ಹಂಗ ಬಯ್ಯೋವ್ರು ಬರಲಿ ಅಂತ ನಿಂತೀನಿ.”

ನನ್ನಂತೆ ಎಷ್ಟು ಜನ ಸಿಕ್ಕರು ಎಂದು ಕೇಳಿದೆ. ಹೇಳಿದರು. ನಾನು ಮತ್ತೇನೂ ಕೇಳಲಿಲ್ಲ.

ಕಳೆದ ಮಾರ್ಚಿನ ಒಂದು ಗುರುವಾರ ಹೋದಾಗ ಕೌಂಟರಿನ ಹಿಂದೆ ಯಜಮಾನ ಒಬ್ಬನೇ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದುಕೊಂಡು. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಸೋಫಾದ ಮೇಲೆ ಒರಗಿದ ಆಂಟಿ ಏಳಲಿಲ್ಲವಂತೆ. ಹೃದಯಾಘಾತ. ಎರಡು ದಿನದ ಹಿಂದೆಯಷ್ಟೇ ಫೋನಿನಲ್ಲಿ ಕಣ್ಣಿನ ಹನಿ ತಪ್ಪಿಸಿದ್ದಕ್ಕೆ ನನ್ನನ್ನು ಬೈದಿದ್ದರು. ನಾನು ಅರ್ಥವಾಗದವನಂತೆ ಗಡಿಯಾರ ನೋಡಿದೆ. ಹತ್ತು ಗಂಟೆ ಎರಡು ನಿಮಿಷ.

ಅವರ ಮನೆಗೆ ಹೋದಾಗ ಮಗಳು ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

“ಅಂಕಲ್, ನಿಮ್ಮಂಥ ಹಠಮಾರಿಯಿಂದ ಅಮ್ಮ ಅವತ್ತು ಹೇಗೆ ಕೀ ಇಸಕೊಂಡ್ಳು? ಏನು ಹೇಳಿದ್ಳು ನಿಮಗೆ?”

“ನಿಮ್ಮ ತಂದೆಯ ವಿಷಯ” ಎಂದೆ.

“ಅಪ್ಪನ ಏನು ವಿಷಯ?”

ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಕಣ್ಣು ವಯಸ್ಸಿಗೆ ಹೋಯಿತು ಎಂದಷ್ಟೇ ಆ ಮನೆಯಲ್ಲಿ ತಿಳಿದಿತ್ತು. ಹೆತ್ತ ಮಗಳಿಗೆ ಹೇಳದೆ ಇಟ್ಟುಕೊಂಡದ್ದನ್ನು ಆ ತಾಯಿ ಒಬ್ಬ ಅಪರಿಚಿತ ಗಿರಾಕಿಗೆ, ಅವನ ಶನಿವಾರದ ಬೇಟೆ ತಪ್ಪಿಸಲು ಹೇಳಿದ್ದರು. ಎದ್ದು ಹೊರಟುಬಿಡೋಣ ಎನಿಸಿತು. ಆದರೆ ಕೇಳಿದ್ದಕ್ಕೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಮೂರು ಗಾಜು, ನಾಲ್ಕು ತಿಂಗಳು, ಕೌಂಟರಿನ ಕಾರಣ, ಎಲ್ಲವನ್ನೂ ಹೇಳಿದೆ. ಇದನ್ನು ಈಗ ಬರೆಯುತ್ತಿರುವುದೂ ಅವಳು ಬರೆಯಿರಿ ಎಂದದ್ದಕ್ಕೆ.

ಅವಳು ಮೇಜಿನಂಚು ಹಿಡಿದು ನಿಂತಳು.

“ಆರು ವರ್ಷ ಜಗಳ ಆಡಿದೆ ಅಂಕಲ್, ಆ ಕೆಲಸ ಬಿಡು ಅಂತ. ಜನ ಏನಂತಾರೆ ಅಂತ.” ಆಮೇಲೆ ಕೇಳಿದಳು: “ಆರು ವರ್ಷದಲ್ಲಿ ಎಷ್ಟು ಜನ ಸಿಕ್ಕಿದ್ರಂತೆ?”

“ಕೇಳಿದ್ದೆ” ಎಂದೆ. “ನಾನೊಬ್ಬನೇ ಅಂತೆ.”

ಅವಳು ಹತ್ತಿರ ಬಂದು, ಮುಂದಿನ ಕುರ್ಚಿ ಎಳೆದುಕೊಂಡು ಕೂತು, ನನ್ನ ಬಲಗಣ್ಣನ್ನೇ ನೋಡತೊಡಗಿದಳು. ನಾನು ರೆಪ್ಪೆ ಮಿಟುಕಿಸದೆ ಕೂತೆ.